ಲಕ್ವ ಹೊಡೆದ ಮೇಲೆ ಮನಸ್ಸಿಗೆ ಏನಾಗುತ್ತದೆ?

ನಮ್ಮ ಮನೆಯಲ್ಲಿ ಇದನ್ನು ಫಾಲಿಜ್ ಎನ್ನುತ್ತೇವೆ. ಪಕ್ಕದ ಮನೆಯವರು ಲಕ್ವ ಎನ್ನುತ್ತಾರೆ. ಕನ್ನಡ ಪುಸ್ತಕಗಳಲ್ಲಿ ಪಾರ್ಶ್ವವಾಯು, ಆಸ್ಪತ್ರೆಯ ಡಿಸ್ಚಾರ್ಜ್ ಹಾಳೆಯಲ್ಲಿ ಸ್ಟ್ರೋಕ್. ಹೆಸರು ನಾಲ್ಕಾದರೂ ಕಾಯಿಲೆ ಒಂದೇ. ಮಿದುಳಿನ ಒಂದು ಭಾಗಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುತ್ತದೆ ಅಥವಾ ಒಡೆಯುತ್ತದೆ, ಆ ಭಾಗದ ಜೀವಕೋಶಗಳು ಸಾಯತೊಡಗುತ್ತವೆ. ಎಡ ಮಿದುಳಿಗೆ ಏಟು ಬಿದ್ದರೆ ಬಲಗೈ, ಬಲಗಾಲಿನ ಶಕ್ತಿ ಹೋಗುತ್ತದೆ, ಎಷ್ಟೋ ಜನರಿಗೆ ಮಾತೂ ಹೋಗುತ್ತದೆ. ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು, ಏಕೆಂದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಇಷ್ಟನ್ನು ಎಲ್ಲ ಕಡೆ ಹೇಳುತ್ತಾರೆ. ನಾನು ಬರೆಯಲು ಹೊರಟಿರುವುದು ಅದರ ನಂತರದ ತಿಂಗಳುಗಳ ಬಗ್ಗೆ.

ನನ್ನ ನಾನಾ, ಅಂದರೆ ಅಮ್ಮಿಯ ತಂದೆ, ನಲವತ್ತು ವರ್ಷ ಟೈಲರ್ ಆಗಿದ್ದವರು. ಹೋದ ವರ್ಷ ರಮಝಾನ್ ಮುಗಿದ ಕೆಲವೇ ದಿನಗಳಲ್ಲಿ ಅವರಿಗೆ ಸ್ಟ್ರೋಕ್ ಆಯಿತು. ಜೀವ ಉಳಿಯಿತು. ಮಾತು ಬಹುಪಾಲು ವಾಪಸ್ ಬಂತು, ಕೋಲು ಹಿಡಿದು ನಡೆಯುತ್ತಾರೆ. ಆದರೆ ಕತ್ತರಿ ಹಿಡಿಯುತ್ತಿದ್ದ ಬಲಗೈ ಇನ್ನೂ ಅರ್ಧಂಬರ್ಧ. ಹಿಸುಕಲು ಕೊಟ್ಟ ರಬ್ಬರ್ ಚೆಂಡು ಮಂಚದ ಕೆಳಗೆ ಬಿದ್ದಿರುತ್ತದೆ. ದಿನವಿಡೀ ಗೋಡೆ ನೋಡುತ್ತಾ ಕೂರುತ್ತಾರೆ, ಅಂಗಡಿಯ ಹಳೆಯ ಗೆಳೆಯರು ಬಂದರೆ ನಿದ್ದೆ ಬಂದವರಂತೆ ಕಣ್ಣು ಮುಚ್ಚುತ್ತಾರೆ. "ಅಬ್ಬಾ, ನೀವು ಹಿಮ್ಮತ್ ಮಾಡ್ತಾ ಇಲ್ಲ, ಅದಕ್ಕೇ ಕೈ ಬರ್ತಾ ಇಲ್ಲ" ಎನ್ನುತ್ತಾರೆ ಮಾಮು. ಅಮ್ಮಿ ಏನೂ ಹೇಳುವುದಿಲ್ಲ. ತಾನು ಇನ್ನೂ ಚೆನ್ನಾಗಿ ಎಣ್ಣೆ ಉಜ್ಜಿದ್ದರೆ, ಇನ್ನೊಂದು ಗಂಟೆ ಕೂತು ವ್ಯಾಯಾಮ ಮಾಡಿಸಿದ್ದರೆ ಕೈ ಬರುತ್ತಿತ್ತೇನೋ ಎಂದು ಒಳಗೇ ಲೆಕ್ಕ ಹಾಕುತ್ತಾರೆ.

ಹೀಗೆ ನಮ್ಮ ಮನೆಯಲ್ಲಿ ಎರಡು ಆರೋಪಗಳಿವೆ. ಒಂದು ನಾನಾನ ಮೇಲೆ, ಇನ್ನೊಂದು ಅಮ್ಮಿ ತನ್ನ ಮೇಲೆ ತಾನೇ ಹೊರಿಸಿಕೊಂಡದ್ದು. ಎರಡಕ್ಕೂ ಸಾಕ್ಷಿ ಇದೆಯೇ ಎಂದು ನೋಡಲು ಹೊರಟೆ. ನಾನು ಕಾಮರ್ಸ್ ವಿದ್ಯಾರ್ಥಿ, ನನ್ನ ವಿಜ್ಞಾನ ಹತ್ತನೇ ತರಗತಿಗೇ ಮುಗಿಯಿತು. ಆದರೆ ಈ ಸಂಶೋಧನೆಗಳನ್ನು ಅರ್ಥಮಾಡಿಕೊಳ್ಳಲು ವಿಜ್ಞಾನಕ್ಕಿಂತ ಹೆಚ್ಚಾಗಿ ಬೇಕಾದದ್ದು ನಮ್ಮ ಸ್ಟಾಟಿಸ್ಟಿಕ್ಸ್ ನೋಟ್ಸ್.

ಮೊದಲು ಮನಸ್ಸಿನ ವಿಷಯ. ಸ್ಟ್ರೋಕ್ ಆದವರಲ್ಲಿ ಹತ್ತಿರ ಹತ್ತಿರ ಮೂವರಲ್ಲಿ ಒಬ್ಬರಿಗೆ ಖಿನ್ನತೆ, ಅಂದರೆ ಡಿಪ್ರೆಶನ್, ಬರುತ್ತದೆ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗಲೂ ಸುಮಾರು ಇದೇ ಪ್ರಮಾಣ ಸಿಕ್ಕಿದೆ. ಕೈಕಾಲು ಹೋದ ದುಃಖ ಯಾರಿಗಾದರೂ ಆಗುವಂಥದ್ದೇ. ಅದರ ಜೊತೆಗೆ, ಏಟು ಬಿದ್ದಿರುವ ಮಿದುಳೇ ಮನಸ್ಸನ್ನು ನಡೆಸುವ ಅಂಗವೂ ಹೌದು ಎಂಬುದನ್ನು ನಾವು ಮರೆಯುತ್ತೇವೆ. ಮಿದುಳಿನ ಎಡ ಮುಂಭಾಗಕ್ಕೆ ಏಟಾದರೆ ಖಿನ್ನತೆ ಹೆಚ್ಚು ಎಂದು ಕೆಲವು ವಿಜ್ಞಾನಿಗಳು ಬಹಳ ಕಾಲ ವಾದಿಸಿದ್ದರು. 2000ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವಿಮರ್ಶೆಯೊಂದು ಅದುವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಆ ಸಂಬಂಧ ನಿಲ್ಲಲಿಲ್ಲ. ಅಂದರೆ ಇಂಥದ್ದೇ ಜಾಗ ಎಂದು ಬೆರಳಿಟ್ಟು ತೋರಿಸಲಾಗದು. ಆದರೆ ಖಿನ್ನತೆ ಇರುವವರು ಚೇತರಿಸಿಕೊಳ್ಳುವುದು ನಿಧಾನ ಎಂಬುದು ಮತ್ತೆ ಮತ್ತೆ ಕಂಡುಬಂದಿದೆ.

ಇಲ್ಲಿ ಒಂದು ಗೊಂದಲವನ್ನೂ ಬಿಡಿಸಬೇಕು. ಸ್ಟ್ರೋಕ್ ಆದ ಕೆಲವರು ಸಣ್ಣ ಮಾತಿಗೂ ಗಳಗಳ ಅಳುತ್ತಾರೆ, ಕೆಲವೊಮ್ಮೆ ನಗಬಾರದ ಕಡೆ ನಗುತ್ತಾರೆ, ಅರೆನಿಮಿಷದಲ್ಲಿ ಸರಿಹೋಗುತ್ತಾರೆ. ಇದು ಖಿನ್ನತೆಯೇ ಆಗಿರಬೇಕಿಲ್ಲ. ಅಳುವನ್ನು ತಡೆದು ಹಿಡಿಯುವ ಮಿದುಳಿನ ಹಿಡಿತ ಸಡಿಲವಾಗಿರುತ್ತದೆ, ಅಷ್ಟೇ. ತಿರುಗಿ ನೋಡಿದರೆ, ಒಮ್ಮೆಯೂ ಅಳದ ಮನುಷ್ಯನಿಗೆ ಖಿನ್ನತೆ ಗಟ್ಟಿಯಾಗಿ ಇರಬಹುದು. ನಾನಾ ಒಂದು ದಿನವೂ ಅತ್ತಿಲ್ಲ.

ಇನ್ನು ಮಾತ್ರೆಯ ಕತೆ. ಈ ಲೇಖನದಲ್ಲಿ ನನಗೆ ಹೆಚ್ಚು ಇಷ್ಟವಾದ ಭಾಗ ಇದೇ.

ಫ್ಲುಯೊಕ್ಸೆಟಿನ್ ಎಂಬ ಔಷಧವನ್ನು ಖಿನ್ನತೆಗೆ ಬಹಳ ಕಾಲದಿಂದ ಕೊಡುತ್ತಾರೆ. ಅದು ಮನಸ್ಸಿನ ಜೊತೆಗೆ ಕೈಕಾಲಿನ ಚೇತರಿಕೆಗೂ ನೆರವಾಗಬಹುದೇ ಎಂದು ಫ್ರಾನ್ಸಿನ ವೈದ್ಯರು ಪರೀಕ್ಷಿಸಿದರು. ಫ್ಲೇಮ್ ಎಂಬ ಹೆಸರಿನ ಆ ಪ್ರಯೋಗದಲ್ಲಿ ಇದ್ದವರು 118 ರೋಗಿಗಳು. ಚೀಟಿ ಎತ್ತಿದಂತೆ ಅವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಿಜವಾದ ಔಷಧ, ಇನ್ನೊಂದಕ್ಕೆ ನೋಡಲು ಹಾಗೇ ಇರುವ ಆದರೆ ಔಷಧವಿಲ್ಲದ ಗುಳಿಗೆ ಕೊಟ್ಟರು. ಎಲ್ಲರಿಗೂ ಫಿಸಿಯೋಥೆರಪಿ ಇತ್ತು. ಮೂರು ತಿಂಗಳ ನಂತರ ಕೈಕಾಲಿನ ಚಲನೆಯನ್ನು ನೂರು ಅಂಕಗಳಿಗೆ ಅಳೆದರು. ಔಷಧ ತಿಂದವರು ಸರಾಸರಿ 34 ಅಂಕ ಮೇಲೆ ಬಂದಿದ್ದರು, ಉಳಿದವರು 24. ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಅಗ್ಗದ ಮಾತ್ರೆ, ಎಲ್ಲ ಕಡೆ ಸಿಗುವಂಥದ್ದು. ಆಸೆ ಹುಟ್ಟದೆ ಇರುತ್ತದೆಯೇ?

ಆದರೆ 118 ಎಂದರೆ ನಮ್ಮ ಕಾಲೇಜಿನ ಎರಡು ಸೆಕ್ಷನ್ ಸೇರಿಸಿದಷ್ಟು. ಸ್ಯಾಂಪಲ್ ಚಿಕ್ಕದಾದಷ್ಟೂ ಅದೃಷ್ಟದ ಆಟ ಜಾಸ್ತಿ ಎಂದು ನಾವು ಓದಿದ್ದೇವಲ್ಲ. ಹತ್ತು ಸಲ ನಾಣ್ಯ ಚಿಮ್ಮಿದರೆ ಏಳು ಸಲ ಹೆಡ್ ಬೀಳುವುದು ದೊಡ್ಡ ಸಂಗತಿಯಲ್ಲ, ಸಾವಿರ ಸಲ ಚಿಮ್ಮಿ ಏಳುನೂರು ಸಲ ಬಿದ್ದರೆ ನಾಣ್ಯದಲ್ಲೇ ಏನೋ ಇದೆ. ಹಾಗಾಗಿ ಇದನ್ನು ದೊಡ್ಡದಾಗಿ ಮತ್ತೆ ಮಾಡಿದರು. ಬ್ರಿಟನ್ನಿನಲ್ಲಿ ಫೋಕಸ್ ಎಂಬ ಪ್ರಯೋಗ, 3127 ರೋಗಿಗಳು. ಸ್ವೀಡನ್ನಿನಲ್ಲಿ ಇನ್ನೊಂದು, 1500 ಮಂದಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ವಿಯೆಟ್ನಾಂ ಸೇರಿ ಮತ್ತೊಂದು, 1280 ಮಂದಿ. ಮೂರನ್ನೂ ಕೂಡಿಸಿದರೆ 5907. ಎಲ್ಲ ಕಡೆಯೂ ಆರು ತಿಂಗಳು ಮಾತ್ರೆ ಕೊಟ್ಟು, ರೋಗಿ ದಿನನಿತ್ಯದ ಕೆಲಸಗಳನ್ನು ಎಷ್ಟು ಸ್ವಂತವಾಗಿ ಮಾಡಿಕೊಳ್ಳುತ್ತಾನೆ ಎಂಬುದನ್ನು ಅಳೆದರು. ಫೋಕಸ್‌ನ ಫಲಿತಾಂಶ 2018ರ ಕೊನೆಗೆ ಬಂತು, ಉಳಿದೆರಡರದ್ದು 2020ರಲ್ಲಿ. ಮೂರರಲ್ಲೂ ಅದೇ ಉತ್ತರ: ಆ ಲೆಕ್ಕದಲ್ಲಿ ಔಷಧ ತಿಂದವರಿಗೂ ತಿನ್ನದವರಿಗೂ ವ್ಯತ್ಯಾಸವಿಲ್ಲ.

ಹಾಗಾದರೆ ಮಾತ್ರೆ ಏನೂ ಮಾಡಲಿಲ್ಲವೇ? ಅಕೌಂಟೆನ್ಸಿಯವರಾಗಿ ಎರಡೂ ಕಡೆಯ ಕಾಲಂ ನೋಡೋಣ. ಫೋಕಸ್‌ನಲ್ಲಿ ಖಾಲಿ ಗುಳಿಗೆ ತಿಂದ ನೂರು ಜನರಲ್ಲಿ ಸುಮಾರು 17 ಮಂದಿಗೆ ಹೊಸದಾಗಿ ಖಿನ್ನತೆ ಬಂತು, ಔಷಧ ತಿಂದ ನೂರರಲ್ಲಿ ಸುಮಾರು 13 ಮಂದಿಗೆ. ಇದು ಜಮೆ. ಖರ್ಚಿನ ಕಡೆ ಮೂಳೆ ಮುರಿತ: ಖಾಲಿ ಗುಳಿಗೆಯವರಲ್ಲಿ ನೂರಕ್ಕೆ ಒಂದೂವರೆ, ಔಷಧದವರಲ್ಲಿ ಸುಮಾರು ಮೂರು. ಒಂದು ಕಾಲು ಎಳೆದು ನಡೆಯುವ ಮುದುಕರಿಗೆ ಸೊಂಟದ ಮೂಳೆ ಮುರಿಯುವುದೆಂದರೆ ಏನು ಎಂದು ವಿವರಿಸಬೇಕಿಲ್ಲ. ಆದ್ದರಿಂದ ಸ್ಟ್ರೋಕ್ ಆದ ಎಲ್ಲರಿಗೂ, ಕೈ ಬರಲಿ ಎಂದು, ಈ ಮಾತ್ರೆ ಕೊಡುವ ಯೋಚನೆ ಬಿದ್ದುಹೋಯಿತು. ಖಿನ್ನತೆ ಇದೆ ಎಂದು ಡಾಕ್ಟರ್ ನೋಡಿ ಬರೆದುಕೊಟ್ಟ ಮಾತ್ರೆಯ ವಿಷಯ ಬೇರೆ. ಮನೆಯಲ್ಲಿ ಯಾರಾದರೂ ಅದನ್ನು ತೆಗೆದುಕೊಳ್ಳುತ್ತಿದ್ದರೆ ದಯವಿಟ್ಟು ನನ್ನ ಲೇಖನ ತೋರಿಸಿ ನಿಲ್ಲಿಸಬೇಡಿ.

ಈ ಕತೆಯಿಂದ ನನಗೆ ಅನ್ನಿಸಿದ್ದು ಇಷ್ಟು. ಖಿನ್ನತೆ ಸ್ವಲ್ಪ ಕಡಿಮೆಯಾದರೂ ಕೈಯ ಲೆಕ್ಕ ತಾನಾಗಿ ಬದಲಾಗಲಿಲ್ಲ. ಹಾಗಿರುವಾಗ "ಮನಸ್ಸು ಗಟ್ಟಿ ಮಾಡಿದರೆ ಕೈ ಬರುತ್ತದೆ" ಎಂಬ ಮಾಮುವಿನ ಸೂತ್ರಕ್ಕೆ ಆಧಾರ ಎಲ್ಲಿ? ಹಿಮ್ಮತ್ ಬೇಡ ಎನ್ನುತ್ತಿಲ್ಲ. ಕೈ ಬಾರದಿದ್ದಕ್ಕೆ ಹಿಮ್ಮತ್ ಇಲ್ಲದ್ದೇ ಕಾರಣ ಎಂದು ತೀರ್ಪು ಕೊಡಲಾಗದು ಎನ್ನುತ್ತಿದ್ದೇನೆ.

ಸೋಮಾರಿತನದ ಆರೋಪಕ್ಕೂ ಒಂದು ಉತ್ತರವಿದೆ. ಅಮೆರಿಕದ ಎಡ್ವರ್ಡ್ ಟಾಬ್ ಎಂಬ ಮನೋವಿಜ್ಞಾನಿ ಹೇಳಿದ ಮಾತಿದು: ಮೊದಲ ವಾರಗಳಲ್ಲಿ ರೋಗಿ ಆ ಕೈಯಿಂದ ಏನೋ ಹಿಡಿಯಲು ಹೋಗುತ್ತಾನೆ, ಬೀಳಿಸುತ್ತಾನೆ. ಒಳ್ಳೆಯ ಕೈಯಿಂದ ಮಾಡಿದರೆ ಕೆಲಸ ಆಗುತ್ತದೆ. ಹೀಗೆ ನೂರಾರು ಸಲ ಆದ ಮೇಲೆ ಆ ಕೈಯನ್ನು ಬಳಸದಿರುವುದನ್ನು ಮಿದುಳು ಕಲಿತುಬಿಡುತ್ತದೆ. ಮುಂದೆ ಅದರಲ್ಲಿ ಸ್ವಲ್ಪ ಶಕ್ತಿ ಬಂದರೂ ಬಳಕೆ ಬರುವುದಿಲ್ಲ. ಇದನ್ನು ಮುರಿಯಲು ಒಳ್ಳೆಯ ಕೈಗೆ ದಪ್ಪ ಕೈಚೀಲ ತೊಡಿಸಿ, ಎರಡು ವಾರ, ಎಚ್ಚರವಿರುವ ಬಹುಪಾಲು ಹೊತ್ತು ದುರ್ಬಲ ಕೈಯಿಂದಲೇ ಕೆಲಸ ಮಾಡಿಸುವ ಪದ್ಧತಿ ಬಂತು. ಅಮೆರಿಕದಲ್ಲಿ 222 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2006ರಲ್ಲಿ ಬಂದಾಗ, ಸ್ಟ್ರೋಕ್ ಆಗಿ ಮೂರರಿಂದ ಒಂಬತ್ತು ತಿಂಗಳಾದವರಲ್ಲೂ ಕೈ ಬಳಕೆ ಸುಧಾರಿಸಿತ್ತು. ಇದಕ್ಕೆ ಮಣಿಕಟ್ಟು, ಬೆರಳುಗಳಲ್ಲಿ ಒಂದಿಷ್ಟಾದರೂ ಚಲನೆ ಉಳಿದಿರಬೇಕು, ಪಕ್ಕದಲ್ಲಿ ದಿನವೂ ಗಂಟೆಗಟ್ಟಲೆ ಕೂತು ಮಾಡಿಸುವ ತರಬೇತಾದ ಥೆರಪಿಸ್ಟ್ ಇರಬೇಕು. ಆ ಎರಡನೆಯದು ನಮ್ಮಲ್ಲಿ ಎಷ್ಟು ಮನೆಗಳಿಗೆ ಸಿಗುತ್ತದೆ?

ಇದೇ ಪ್ರಶ್ನೆಯಿಂದ ಹುಟ್ಟಿದ್ದು ಭಾರತದಲ್ಲೇ ನಡೆದ ಅಟೆಂಡ್ ಎಂಬ ದೊಡ್ಡ ಪ್ರಯೋಗ. ಥೆರಪಿಸ್ಟ್‌ಗಳು ಸಾಲದಿದ್ದರೆ ಮನೆಯವರಿಗೇ ಕಲಿಸಿದರೆ ಹೇಗೆ? ದೇಶದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳನ್ನು ಸೇರಿಸಿಕೊಂಡರು. ಅರ್ಧದಷ್ಟು ಜನರ ಮನೆಯವರಿಗೆ ಆಸ್ಪತ್ರೆಯಲ್ಲೇ ತರಬೇತಿ ಕೊಟ್ಟು, ನಂತರ ಮನೆಗೂ ಹೋಗಿ ಮುಂದುವರಿಸಿದರು. ರೋಗಿಯನ್ನು ಹೇಗೆ ಎಬ್ಬಿಸಬೇಕು, ಯಾವ ಗುರಿ ಇಟ್ಟುಕೊಳ್ಳಬೇಕು, ಯಾವ ಕೆಲಸವನ್ನು ಹೇಗೆ ಅಭ್ಯಾಸ ಮಾಡಿಸಬೇಕು ಎಲ್ಲವೂ ಅದರಲ್ಲಿತ್ತು. ಉಳಿದ ಅರ್ಧಕ್ಕೆ ಎಂದಿನ ಚಿಕಿತ್ಸೆ. ಆರು ತಿಂಗಳ ನಂತರ ಎಷ್ಟು ಜನ ತೀರಿಕೊಂಡರು ಅಥವಾ ಇನ್ನೊಬ್ಬರನ್ನು ಅವಲಂಬಿಸಿದ್ದಾರೆ ಎಂದು ಎಣಿಸಿದರೆ, ಆ ಗುಂಪಿನಲ್ಲೂ ಶೇಕಡಾ 47, ಈ ಗುಂಪಿನಲ್ಲೂ ಶೇಕಡಾ 47. ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು.

ಮೊದಲ ಸಲ ಓದಿದಾಗ ಬೇಜಾರಾಯಿತು. ಎರಡನೇ ಸಲ ಓದಿದ ಮೇಲೆ ಇದನ್ನು ಅಮ್ಮಿಗೆ ಉರ್ದುವಿನಲ್ಲಿ ಹೇಳಿದೆ. ಏಕೆಂದರೆ ಇದರಲ್ಲಿ ಅವರಿಗೆ ಒಂದು ಬಿಡುಗಡೆ ಇದೆ. ತರಬೇತಿ ಪಡೆದ ಮನೆಯವರೇ ಅಷ್ಟೆಲ್ಲ ಮಾಡಿದರೂ ಆ 47 ಕದಲಲಿಲ್ಲ ಎಂದ ಮೇಲೆ, ನಾನಾನ ಕೈ ಬಾರದಿದ್ದದ್ದು ಅಮ್ಮಿ ಒಂದು ಗಂಟೆ ಕಡಿಮೆ ಕೂತದ್ದರಿಂದ ಎನ್ನಲು ಬರುವುದಿಲ್ಲ. ಇನ್ನೊಂದು ಮಾತು: ನಮ್ಮ ದೇಶದಲ್ಲಿ ತರಬೇತಿ ಇಲ್ಲದ ಗುಂಪಿನ ಮನೆಯವರೂ ಸುಮ್ಮನೆ ಕೂತಿರುವುದಿಲ್ಲ, ಊಟ, ಸ್ನಾನ, ಓಡಾಟ ಎಲ್ಲ ಅವರೇ ಮಾಡಿಸುತ್ತಾರೆ. ಮನೆಯವರ ಪ್ರೀತಿ ಎರಡೂ ಕಡೆ ಇತ್ತು. ಕೊರತೆ ಇದ್ದದ್ದು ತರಬೇತಾದ ಕೈಗಳದ್ದು ಎಂದು ನನ್ನ ಅಭಿಪ್ರಾಯ. ಅದನ್ನು ಮನೆಯ ಹೆಂಗಸರ ತಲೆಗೆ ಕಟ್ಟಿ ಸರ್ಕಾರ ಕೈತೊಳೆದುಕೊಳ್ಳಲಾಗದು.

ಅಮ್ಮಿ ಪೂರ್ತಿ ಕೇಳಿ, "ಹಾಗಾದ್ರೆ ಮಾಲಿಶ್ ಬಿಟ್ಟುಬಿಡ್ಲಾ?" ಎಂದರು. ಬಿಡಬೇಡಿ ಎಂದೆ. ನಾನಾಗೆ ಅದು ಇಷ್ಟ.

ಹಾಗಾದರೆ ಮನೆಯವರು ಮಾಡಬಹುದಾದದ್ದು ಏನು? ಗಮನಿಸುವುದು. ಮಾತು ಹೋದ ರೋಗಿಯನ್ನು "ನಿಮಗೆ ಬೇಸರವೇ?" ಎಂದು ಕೇಳಿ ಉತ್ತರ ಪಡೆಯಲಾಗದು. ಇಂಥವರಿಗಾಗಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಒಂದು ಪ್ರಶ್ನಾವಳಿ ಮಾಡಿದ್ದಾರೆ, ಅದನ್ನು ತುಂಬುವುದು ರೋಗಿಯಲ್ಲ, ನೋಡಿಕೊಳ್ಳುವವರು. ಅಳುತ್ತಾರೆಯೇ, ಜನರ ಜೊತೆ ಬೆರೆಯುವುದನ್ನು ತಪ್ಪಿಸುತ್ತಾರೆಯೇ, ರಾತ್ರಿ ನಿದ್ದೆ ಕೆಡುತ್ತದೆಯೇ ಎಂಬಂಥ ಕಣ್ಣಿಗೆ ಕಾಣುವ ಸಂಗತಿಗಳ ಮೇಲೆ ಅದು ನಿಂತಿದೆ. ನಾವು ಡಿಸ್ಚಾರ್ಜ್ ಆದಾಗ ಸಿಕ್ಕ ಹಾಳೆಯಲ್ಲಿ ಬಿಪಿ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ, ವ್ಯಾಯಾಮ ಎಲ್ಲ ಇತ್ತು, ಮನಸ್ಸಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಆದ್ದರಿಂದ ಕೇಳಬೇಕಾದವರು ನಾವೇ. ಎರಡು ವಾರಕ್ಕೂ ಹೆಚ್ಚು ಕಾಲ ರೋಗಿ ಮಂಕಾಗಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಮೊದಲು ಇಷ್ಟವಿದ್ದದ್ದು ಬೇಡವಾಗಿದ್ದರೆ ಅದನ್ನು ಬರೆದಿಟ್ಟುಕೊಂಡು ಡಾಕ್ಟರಿಗೆ ಹೇಳಿ. "ಸಾಯಬೇಕು" ಎಂಬ ಮಾತು ಬಂದರೆ ಎರಡು ವಾರ ಕಾಯಬೇಡಿ, ಅದೇ ದಿನ ಹೇಳಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಹಣ ಕೊಡಬೇಕಿಲ್ಲ, ಕನ್ನಡದಲ್ಲೂ ಮಾತಾಡಬಹುದು. ನೋಡಿಕೊಳ್ಳುವವರೂ ತಮಗಾಗಿ ಕರೆ ಮಾಡಬಹುದು.

ನಾವು ಬರೆದ ಹಾಳೆಯನ್ನು ಅಮ್ಮಿ ಹೋದ ತಿಂಗಳು ಡಾಕ್ಟರಿಗೆ ಕೊಟ್ಟರು. ಅವರು ಮನೋವೈದ್ಯರಿಗೆ ಚೀಟಿ ಬರೆದರು, ಫಿಸಿಯೋಥೆರಪಿಯ ಮೇಡಂ ಹತ್ತಿರ ಮತ್ತೆ ಕಳಿಸಿದರು. ಆ ಮೇಡಂ ಚೆಂಡಿನ ಮಾತೇ ಎತ್ತಲಿಲ್ಲ. "ಚಾಚಾ, ನಿಮ್ಮ ಕೈಯಿಂದ ನೀವು ಏನು ಮಾಡ್ಕೋಬೇಕು ಅಂತ ಇದೀರಿ?" ಎಂದು ನಾನಾನನ್ನೇ ಕೇಳಿದರು. ಹೊಲಿಗೆ ಎನ್ನುತ್ತಾರೆ ಎಂದುಕೊಂಡಿದ್ದೆವು. ನಾನಾ ಸ್ವಲ್ಪ ಹೊತ್ತು ಸುಮ್ಮನಿದ್ದು, ವುಝೂ ಮಾಡುವಾಗ ಬೇರೆಯವರು ನೀರು ಹಾಕಬಾರದು ಎಂದರು. ಈಗ ದಿನವೂ ಬೆಳಿಗ್ಗೆ ಮಗ್ ಹಿಡಿಯುವ ಅಭ್ಯಾಸ ನಡೆಯುತ್ತಿದೆ, ಅರ್ಧ ನೀರು ನೆಲಕ್ಕೆ ಹೋಗುತ್ತದೆ.