ತಂದೆಮಕ್ಕಳು ಕಟ್ಟಿದ ವಿದ್ಯುತ್ ಗಿಟಾರ್

ಅಂಗಡಿಯಲ್ಲಿ ದೊರೆಯುವ ವಸ್ತುವನ್ನು ಮನೆಯಲ್ಲಿ ಮಾಡಿಕೊಳ್ಳುವುದೇತಕ್ಕೆ ಎಂದು ಕೇಳುವವರುಂಟು. ಹಣವಿದ್ದವರಿಗೆ ಈ ಪ್ರಶ್ನೆ ಸಹಜವೇ ಸರಿ. ಆದರೆ ಬಯಕೆ ದೊಡ್ಡದಾಗಿ ಕೈಯಲ್ಲಿರುವ ಹಣ ಅಲ್ಪವಾದಾಗ ಮನುಷ್ಯನ ಬುದ್ಧಿಯೂ ಬೆರಳುಗಳೂ ಎಚ್ಚರಗೊಳ್ಳುವುವು. ಇಂಗ್ಲೆಂಡಿನ ಒಂದು ಸಾಧಾರಣ ಸಂಸಾರದಲ್ಲಿ ತಂದೆಯೂ ಮಗನೂ ಕೂಡಿ ವಿದ್ಯುತ್ ಗಿಟಾರೆಂಬ ವಾದ್ಯವನ್ನು ಕಟ್ಟಿದ ವೃತ್ತಾಂತವು ಇದಕ್ಕೆ ನಿದರ್ಶನವಾಗಿರುವುದು. ಸಂಗೀತದಲ್ಲಿ ಅಭಿರುಚಿಯಿಲ್ಲದ ಗೃಹಸ್ಥರಿಗೂ ಇದರಲ್ಲಿ ಆಲೋಚಿಸತಕ್ಕ ವಿಷಯವಿರುವುದರಿಂದ ನಮ್ಮ ವಾಚಕರ ಮುಂದೆ ಇಡುತ್ತಿದ್ದೇವೆ.

ಲಂಡನ್ ನಗರದ ಪಶ್ಚಿಮಕ್ಕೆ ಫೆಲ್ತಮ್ ಎಂಬ ಊರಿದೆ. ಅಲ್ಲಿ ಹ್ಯಾರಲ್ಡ್ ಮೇ ಎಂಬವರು ವಾಸವಾಗಿದ್ದರು. ವಿದ್ಯುದ್ಯಂತ್ರಗಳಲ್ಲಿ ನಿಪುಣರಾದ ಅವರು ಸರಕಾರದ ವಿಮಾನ ಇಲಾಖೆಯಲ್ಲಿ ಉದ್ಯೋಗದಲ್ಲಿದ್ದರು. ಮನೆಗೆ ಬೇಕಾದುದನ್ನು ಆದಷ್ಟು ಮಟ್ಟಿಗೆ ತಾವೇ ಮಾಡಿಕೊಳ್ಳುವುದು ಅವರ ಸ್ವಭಾವ; ಮನೆಯಲ್ಲಿದ್ದ ಟೆಲಿವಿಷನ್ ಪೆಟ್ಟಿಗೆಯೂ ಅವರ ಕೈಕೆಲಸವೇ. ಅವರ ಒಬ್ಬನೇ ಮಗನಾದ ಬ್ರಯನ್ 1947ರ ಜುಲೈ 19ರಂದು ಜನಿಸಿದವನು. ಚಿಕ್ಕಂದಿನಲ್ಲಿಯೇ ತಂದೆಯಿಂದ ತಂತಿವಾದ್ಯದ ಮೊದಲ ಪಾಠ ಕಲಿತ ಆ ಹುಡುಗನಿಗೆ ಹದಿನಾರನೆಯ ವಯಸ್ಸಿಗೆ ವಿದ್ಯುತ್ ಗಿಟಾರಿನ ಹಂಬಲ ಹತ್ತಿತು. ಅಂಗಡಿಯ ವಾದ್ಯದ ಬೆಲೆ ಆ ಸಂಸಾರದ ಶಕ್ತಿಗೆ ಮೀರಿದುದು. ಹಾಗಾದರೆ ನಾವೇ ಮಾಡೋಣವೆಂದು ತಂದೆಮಕ್ಕಳು ನಿಶ್ಚಯಿಸಿ, 1963ರ ಆಗಸ್ಟ್ ತಿಂಗಳಲ್ಲಿ ಕೆಲಸಕ್ಕೆ ಕೈಹಚ್ಚಿದರು. ಮನೆಯ ಒಂದು ಕೊಠಡಿಯೇ ಕಾರ್ಖಾನೆಯಾಯಿತು.

ಈ ವಾದ್ಯದ ಮರ್ಮವನ್ನು ಮೊದಲು ತಿಳಿಯುವುದು ಒಳ್ಳೆಯದು. ನಮ್ಮ ವೀಣೆಯಲ್ಲಿ ತಂತಿಯ ನಾದವನ್ನು ಟೊಳ್ಳಾದ ಕೊಡವು ತುಂಬಿಕೊಟ್ಟು ದೊಡ್ಡದು ಮಾಡುವುದಷ್ಟೆ. ವಿದ್ಯುತ್ ಗಿಟಾರಿನಲ್ಲಿ ಆ ಭಾರ ಅಯಸ್ಕಾಂತದ ಮೇಲಿದೆ. ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತವನ್ನಿಟ್ಟು, ಅದರ ಸುತ್ತಲೂ ಕೂದಲಿನಂತೆ ಸಣ್ಣದಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುವರು. ಇದಕ್ಕೆ ಪಿಕಪ್ ಎಂದು ಹೆಸರು. ಮೇಲಿನ ತಂತಿ ಮಿಡಿದಾಗ ಅಯಸ್ಕಾಂತದ ಕ್ಷೇತ್ರವು ಕದಲಿ, ಸುತ್ತಿನಲ್ಲಿ ಅತ್ಯಲ್ಪವಾದ ವಿದ್ಯುತ್ತು ಹುಟ್ಟುವುದು. ಅದನ್ನು ಬೇರೊಂದು ಯಂತ್ರದಿಂದ ಬಲಪಡಿಸಿ ಧ್ವನಿವರ್ಧಕಕ್ಕೆ ಕೊಟ್ಟರೆ ನಾದವು ಸಭೆಯನ್ನೆಲ್ಲ ತುಂಬುವುದು.

ಇನ್ನು ಸಾಮಗ್ರಿಗಳ ಕಥೆ. ವಾದ್ಯದ ದಂಡಿಗೆ ದೊರೆತುದು ಹಳೆಯ ಅಗ್ಗಿಷ್ಟಿಕೆಯೊಂದರ ಸುತ್ತ ಹಾಕಿದ್ದ, ನೂರು ವರ್ಷಕ್ಕೂ ಹೆಚ್ಚು ಹಳೆಯದಾದ ಮಹಾಗನಿ ಮರ. ಅದರಲ್ಲಿ ಹುಳು ಕೊರೆದ ತೂತುಗಳಿದ್ದುವು. ಅವುಗಳಿಗೆ ಬೆಂಕಿಕಡ್ಡಿಗಳನ್ನು ತುಂಬಿ ಮುಚ್ಚಿದರು. ಒಡಲಿನ ನಡುಭಾಗಕ್ಕೆ ಹಳೆಯ ಮೇಜಿನ ಓಕ್ ಮರ. ಮೇಲೆ ಮಹಾಗನಿಯ ತೆಳ್ಳನೆಯ ಹೊದಿಕೆ. ಒಳಗೆ ಅಲ್ಲಲ್ಲಿ ಟೊಳ್ಳು ಬಿಟ್ಟರು. ಧ್ವನಿವರ್ಧಕದ ನಾದಕ್ಕೆ ಮರವೂ ಸ್ಪಂದಿಸಿ ತಂತಿಯನ್ನು ಮತ್ತೆ ಮಿಡಿಸಬೇಕೆಂಬುದು ಹುಡುಗನ ಎಣಿಕೆ. ದಂಡಿಯ ಮೇಲೆ ಸ್ವರಸ್ಥಾನಗಳನ್ನು ತೋರಿಸುವ ಬಿಳಿಯ ಚುಕ್ಕೆಗಳು ತಾಯಿಯ ಹೊಲಿಗೆಪೆಟ್ಟಿಗೆಯ ಮುತ್ತಿನ ಚಿಪ್ಪಿನ ಗುಂಡಿಗಳು! ನಾದವನ್ನು ತೂಗಿಸುವ ಸನ್ನೆಯ ಹಿಡಿಯು ಸೈಕಲ್ಲಿನ ಚೀಲ ತೂಗುಹಾಕುವ ಕಂಬಿಯಿಂದಾಯಿತು. ಅದರ ತುದಿಗೆ ತಾಯಿಯ ಹೆಣಿಗೆಕಡ್ಡಿಯ ತುಂಡನ್ನು ಸಿಕ್ಕಿಸಿದರು. ತಂತಿಗಳ ಬಿಗಿತವನ್ನು ಎದುರಿಸಿ ನಿಲ್ಲುವ ಎರಡು ಸುರುಳಿಗಳು ಹಳೆಯ ಮೋಟಾರ್‌ಸೈಕಲ್ಲಿನವು. ಖರ್ಚೆಲ್ಲ ಸೇರಿ ಸುಮಾರು ಎಂಟು ಪೌಂಡ್ ಆಯಿತೆಂದು ಹೇಳುವರು.

ಸಾಮಗ್ರಿ ಹಳೆಯದಾದರೂ ಲೆಕ್ಕಾಚಾರದಲ್ಲಿ ಮಾತ್ರ ಅಲಕ್ಷ್ಯವಿರಲಿಲ್ಲ. ಸರಸ್ವತೀವೀಣೆಯಂತೆ ಈ ಗಿಟಾರಿಗೂ 24 ಮೆಟ್ಟಿಲುಗಳು. ವೀಣೆಯ ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸುವುದರಿಂದ ಕಿವಿಗೊಟ್ಟು ಅತ್ತಿತ್ತ ಸರಿಸಬಹುದು. ಗಿಟಾರಿನಲ್ಲಿ ಮರವನ್ನು ಸೀಳಿ ಲೋಹದ ಪಟ್ಟಿಯನ್ನು ಬಡಿದ ಮೇಲೆ ಮುಗಿಯಿತು. ಆದಕಾರಣ ಮೊದಲೇ ಗಣಿತದಿಂದ ಸ್ಥಾನವನ್ನು ಗೊತ್ತುಮಾಡಬೇಕು. ತಂತಿಯ ಉದ್ದವನ್ನು 17.817ರಿಂದ ಭಾಗಿಸಿದರೆ ಮೊದಲ ಮೆಟ್ಟಿಲಿನ ದೂರವು ದೊರೆಯುವುದು. ಉಳಿದ ಉದ್ದವನ್ನು ಮತ್ತೆ ಹಾಗೆಯೇ ಭಾಗಿಸಿದರೆ ಎರಡನೆಯದು. ಈ ವಾದ್ಯದ ತಂತಿಯ ಉದ್ದ 24 ಅಂಗುಲ. ಮೊದಲ ಮೆಟ್ಟಿಲು ಸುಮಾರು 1.35 ಅಂಗುಲದಲ್ಲಿಯೂ, ಹನ್ನೆರಡನೆಯದು ಸರಿಯಾಗಿ ನಡುವೆ 12 ಅಂಗುಲದಲ್ಲಿಯೂ ಬರುವುವು. ಕೂದಲೆಳೆಯಷ್ಟು ತಪ್ಪಿದರೂ ಕಿವಿಯು ಕ್ಷಮಿಸದು.

ತಪ್ಪುಗಳೂ ಆಗದಿರಲಿಲ್ಲ. ಹುಡುಗನು ಅಯಸ್ಕಾಂತದ ಗುಂಡಿಗಳನ್ನು ತಂದು ಪಿಕಪ್ಪುಗಳನ್ನು ತಾನೇ ಸುತ್ತಿದನು. ನಾದ ಚೆನ್ನಾಗಿಯೇ ಬಂದಿತು. ಆದರೆ ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ ನುಡಿಸಿದರೆ ವಿಕಾರವಾದ ಸದ್ದು ಸೇರಿಕೊಳ್ಳುತ್ತಿತ್ತು. ಕಡೆಗೆ ಬರ್ನ್ಸ್ ಎಂಬ ಕಾರ್ಖಾನೆಯ ಮೂರು ಪಿಕಪ್ಪುಗಳನ್ನು ಕೊಂಡು ತಂದು, ಅವು ಕಿರುಗುಟ್ಟದಂತೆ ಒಳಗೆ ಅಂಟನ್ನು ತುಂಬಿ ಕೂರಿಸಿದರು. ತನ್ನ ಕೈಯಿಂದಾಗದುದನ್ನು ಆಗದೆಂದು ಒಪ್ಪಿಕೊಳ್ಳುವುದೂ ಕುಶಲತೆಯ ಒಂದು ಅಂಗವೇ ಅಲ್ಲವೆ? ಹೀಗೆ ಸುಮಾರು ಎರಡು ವರ್ಷಗಳ ಸಂಜೆಗಳು ಕಳೆದು, ಕೆಂಪು ಮೆರುಗಿನ ವಾದ್ಯವು ಸಿದ್ಧವಾಯಿತು. ಅದಕ್ಕೆ ರೆಡ್ ಸ್ಪೆಷಲ್ ಎಂದು ಹೆಸರಾಯಿತು.

ಕಥೆಯ ಕಠಿಣವಾದ ಭಾಗವು ಇಲ್ಲಿಂದ ಮುಂದೆ. ಮಗನು ಇಂಪೀರಿಯಲ್ ಕಾಲೇಜನ್ನು ಸೇರಿ ಭೌತಶಾಸ್ತ್ರದಲ್ಲಿ ಪದವಿ ಪಡೆದು, ಆಕಾಶದ ಧೂಳಿಕಣಗಳ ಮೇಲೆ ಸಂಶೋಧನೆಗೆ ತೊಡಗಿದನು. 1970ರಲ್ಲಿ ಕ್ವೀನ್ ಎಂಬ ಗಾಯಕವೃಂದ ಹುಟ್ಟಿತು. ಕೆಲವು ವರ್ಷಗಳಲ್ಲಿ ಸಂಗೀತಕ್ಕಾಗಿ ಸಂಶೋಧನೆಯನ್ನು ಅರ್ಧಕ್ಕೆ ಬಿಟ್ಟನು. ಮಗನ ವಿದ್ಯೆಗಾಗಿ ತ್ಯಾಗಮಾಡಿದ ತಂದೆಗೆ ಇದು ಸಹಿಸಲಾರದ ಪೆಟ್ಟು. ಎರಡು ವರ್ಷ ಒಂದೇ ಮೇಜಿನ ಬಳಿ ಕೂತು ಮರ ಕೆತ್ತಿದವರ ನಡುವೆ ಕೆಲಕಾಲ ಮಾತೇ ನಿಂತುಹೋಗಿತ್ತೆಂದು ಮಗನೇ ಹೇಳಿರುವರು. ತಾವೇ ಮಾಡಿಕೊಟ್ಟ ವಾದ್ಯವು ತಮ್ಮ ಮಗನನ್ನು ತಮ್ಮಿಂದ ದೂರಕ್ಕೆ ಕೊಂಡೊಯ್ದಿತೆಂದು ಆ ತಂದೆಗೆ ಅನ್ನಿಸಿದ್ದರೆ ಆಶ್ಚರ್ಯವೇನು? 1970ರ ದಶಕದ ಉತ್ತರಾರ್ಧದಲ್ಲಿ ಮಗನು ತಂದೆತಾಯಿಗಳನ್ನು ನ್ಯೂಯಾರ್ಕಿಗೆ ಕರೆಸಿಕೊಂಡು, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ಮಹಾಸಭಾಂಗಣದಲ್ಲಿ ತನ್ನ ವಾದನವನ್ನು ಕೇಳಿಸಿದನು. ಅದು ಮುಗಿದ ಬಳಿಕ ತಂದೆಯು ಕೈಕುಲುಕಿ, ಈಗ ತಮಗೆ ತಿಳಿಯಿತೆಂದು ಹೇಳಿದರು. ಅಷ್ಟೇ ಮಾತು, ಅದು ಸಾಕಾಯಿತು.

2002ರ ಜೂನ್ ತಿಂಗಳಲ್ಲಿ, ರಾಣಿ ಎಲಿಜಬೆತ್ತರ ಪಟ್ಟದ ಐವತ್ತನೆಯ ವರ್ಷದ ಉತ್ಸವದಲ್ಲಿ, ಬ್ರಯನ್ ಮೇ ಅವರು ಬಕಿಂಗ್‌ಹ್ಯಾಮ್ ಅರಮನೆಯ ಮಾಳಿಗೆಯ ಮೇಲೆ ನಿಂತು ಇದೇ ಅಗ್ಗಿಷ್ಟಿಕೆಯ ಮರದ ವಾದ್ಯದಲ್ಲಿ ರಾಷ್ಟ್ರಗೀತೆಯನ್ನು ನುಡಿಸಿದರು. ಅರ್ಧಕ್ಕೆ ಬಿಟ್ಟ ಸಂಶೋಧನೆಯನ್ನೂ ಮುಗಿಸಿ, 2007ರಲ್ಲಿ, ಅರುವತ್ತನೆಯ ವಯಸ್ಸಿನಲ್ಲಿ, ಅದೇ ಕಾಲೇಜಿನಿಂದ ಡಾಕ್ಟರ್ ಪದವಿಯನ್ನು ಪಡೆದರು. ಇವೆರಡನ್ನೂ ನೋಡಲು ತಂದೆಯು ಉಳಿದಿರಲಿಲ್ಲ.

ನಮ್ಮ ವಾಚಕರಲ್ಲಿ ಯಾರಾದರೂ ಇಂತಹ ಕೆಲಸಕ್ಕೆ ಕೈಯಿಕ್ಕುವುದಾದರೆ ಎರಡು ಮಾತು. ಮರವು ಚೆನ್ನಾಗಿ ಆರಿದುದಾಗಿರಲಿ. ಹಸಿಯ ಮರದ ದಂಡಿಯು ಮಳೆಗಾಲ ಬೇಸಗೆಗಳಲ್ಲಿ ಡೊಂಕುವುದು. ಗಿಟಾರಿನೊಳಗಿನ ವಿದ್ಯುತ್ತು ನಿರಪಾಯವಾದುದು. ಆದರೆ ಧ್ವನಿಯನ್ನು ಬಲಪಡಿಸುವ ಯಂತ್ರವು ಮನೆಯ ವಿದ್ಯುತ್ತಿನಿಂದ ನಡೆಯುವುದಾದುದರಿಂದ, ಬಲ್ಲವರ ಸಹಾಯವಿಲ್ಲದೆ ಅದನ್ನು ಬಿಚ್ಚಕೂಡದು. ಇನ್ನು ಮನೆಯ ಹುಡುಗನು ಹಳೆಯ ಮೇಜಿನ ಕಾಲನ್ನೋ ತಾಯಿಯ ಗುಂಡಿಗಳನ್ನೋ ಕೇಳಿಕೊಂಡು ಬಂದರೆ, ಏತಕ್ಕೆಂದು ವಿಚಾರಿಸಿ, ಬಿಡುವಾದಾಗ ತಾವೂ ಅವನ ಪಕ್ಕದಲ್ಲಿ ಕೂರುವುದು ಹಿರಿಯರಿಗೆ ನಷ್ಟದ ಮಾತಲ್ಲವೆಂದು ನಾವು ತಿಳಿಯುತ್ತೇವೆ.