ಸರಕಿನ ಛಾಯಾಚಿತ್ರ ಮತ್ತು ಬಣ್ಣದ ಲೆಕ್ಕ

ರಾಮದುರ್ಗ, ಸುರೇಬಾನ ಭಾಗದ ನೇಕಾರ ಉದ್ಯಮಿಗಳು ಸೀರೆಯ ಛಾಯಾಚಿತ್ರ ಕಳುಹಿಸಿ ದೂರದ ಊರುಗಳಿಂದ ಬೇಡಿಕೆ ಪಡೆಯುವುದುಂಟು. ಚಿತ್ರದಲ್ಲಿ ಒಂದು ಬಣ್ಣ, ಕೈಗೆ ಬಂದ ಸೀರೆಯಲ್ಲಿ ಇನ್ನೊಂದು ಬಣ್ಣ ಕಂಡರೆ ಸರಕು ಮರಳುತ್ತದೆ. ಸಾಗಣೆ ವೆಚ್ಚ ಮಾರಾಟಗಾರನ ಖಾತೆಗೇ ಬೀಳಬಹುದು. ಇದಕ್ಕೆ ಒಂದು ಕಾರಣ ಕ್ಯಾಮೆರಾದ 'ಕಲರ್ ಸ್ಪೇಸ್' ಆಯ್ಕೆ.

ಚಿತ್ರದ ಕಡತದಲ್ಲಿರುವುದು ಬಣ್ಣವಲ್ಲ. ಕೆಂಪು, ಹಸಿರು, ನೀಲಿಗಳ ಪ್ರಮಾಣವನ್ನು ಸೂಚಿಸುವ ಅಂಕಿಗಳು. ಜೆಪೆಗ್ ಕಡತದಲ್ಲಿ ಇವು ಸಾಮಾನ್ಯವಾಗಿ 0ಯಿಂದ 255ರವರೆಗೆ ಇರುತ್ತವೆ. ಅವನ್ನು ಯಾವ ಅಳತೆಗೋಲಿನಿಂದ ಓದಬೇಕೆಂಬುದೇ ಕಲರ್ ಸ್ಪೇಸ್. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಮುಂದಿಟ್ಟ ಎಸ್‌ಆರ್‌ಜಿಬಿ ಪರದೆಗಳ ಸಾಮಾನ್ಯ ಅಳತೆ. 1998ರ ಅಡೋಬಿ ಆರ್‌ಜಿಬಿ ಹಸಿರಿನ ಕಡೆ ಹೆಚ್ಚು ವಿಶಾಲವಾದುದು, ಮುದ್ರಣಕ್ಕೆ ಉಪಯುಕ್ತ. ಮೀಟರಿನಲ್ಲಿ ಬರೆದ ಅಂಕಿಯನ್ನು ಗಜವೆಂದು ಓದಿದರೆ ಬಟ್ಟೆ ಕಡಿಮೆಯಾಗುವಂತೆ, ಅಡೋಬಿ ಅಂಕಿಗಳನ್ನು ಎಸ್‌ಆರ್‌ಜಿಬಿ ಎಂದು ಓದಿದರೆ ಬಣ್ಣ ಮಂಕಾಗುತ್ತದೆ.

ಆದುದರಿಂದ ಮೊಬೈಲ್ ಹಾಗೂ ಅಂತರ್ಜಾಲಕ್ಕೆ ಕಳುಹಿಸುವ ಚಿತ್ರ ಎಸ್‌ಆರ್‌ಜಿಬಿಯಲ್ಲಿರಲಿ. 'ರಾ' ಕಡತದ ಮೂಲ ದತ್ತಾಂಶ ಈ ಆಯ್ಕೆಯಿಂದ ಬದಲಾಗದು. ಅದನ್ನು ಆಮೇಲೆ ಬೇಕಾದ ಅಳತೆಗೆ ಪರಿವರ್ತಿಸಬಹುದು. ಬಣ್ಣವೇ ವ್ಯವಹಾರದ ಷರತ್ತಾಗಿದ್ದರೆ ಚಿತ್ರದೊಡನೆ ಬಟ್ಟೆಯ ತುಂಡೊಂದನ್ನು ಕಳುಹಿಸುವುದೇ ಕ್ಷೇಮ.