ಪ್ಯಾಂಟು ಯಾರದ್ದಾದರೇನು, ಪಾಠ ಯಾವ ಭಾಷೆಯಲ್ಲಿ? ಎಸ್ಟೋನಿಯಾದ ಒಂದು ಪದದ ಕತೆ

ಎಸ್ಟೋನಿಯನ್ ಭಾಷೆಯಲ್ಲಿ ಪ್ಯಾಂಟಿಗೆ ‘ಪ್ಯುಕ್ಸಿದ್’ ಅಂತಾರೆ. ದಿನಬಳಕೆಯ ಈ ಪದ ಮೂಲತಃ ಅವರದ್ದಲ್ಲ. ಉತ್ತರ ಜರ್ಮನಿಯ ವ್ಯಾಪಾರಿಗಳ ನುಡಿಯಾಗಿದ್ದ ಲೋ ಜರ್ಮನ್‌ನ ‘ಬ್ಯುಕ್ಸೆ’ಯಿಂದ ಬಂದದ್ದು. ಬ್ಯುಕ್ಸೆಯನ್ನು ಬಿಡಿಸಿದರೆ ಹೋತ ಮತ್ತು ಕಾಲುಡುಪು ಎಂಬ ಎರಡು ಪದ ಸಿಗುತ್ತವೆ. ಅಂದರೆ, ಚರ್ಮದ ಚಲ್ಲಣ.

ಅದು ಅಲ್ಲಿಗೆ ಹೋದದ್ದು ಹೇಗೆ? 13ನೇ ಶತಮಾನದಲ್ಲಿ ಜರ್ಮನ್ ಮತ್ತು ಡೇನಿಶ್ ಧರ್ಮಯೋಧರು ಎಸ್ಟೋನಿಯಾವನ್ನು ಗೆದ್ದರು. 1248ರಲ್ಲಿ ತಾಲಿನ್ ನಗರಕ್ಕೆ ಜರ್ಮನಿಯ ಲ್ಯೂಬೆಕ್ ಪಟ್ಟಣದ ಕಾನೂನೇ ಬಂತು. ಮುಂದೆ ಶತಮಾನಗಳ ಕಾಲ ವ್ಯಾಪಾರ, ಜಮೀನು, ಆಡಳಿತದಲ್ಲಿ ಜರ್ಮನ್ನರದ್ದೇ ಮೇಲುಗೈ. ಹೊಲದಲ್ಲಿ ಬೆವರು ಸುರಿಸಿದವರು ಎಸ್ಟೋನಿಯನ್ನರು. ಟೋಪಿಯ ‘ಮ್ಯುತ್ಸ್’, ಹೆಂಗಸರ ಉಡುಪಿನ ‘ಕ್ಲೆಯ್ಟ್’ ಕೂಡ ಆ ಕಡೆಯಿಂದಲೇ ಬಂದವು. ‘ಸಕ್ಸ್’ ಎಂಬ ಒಂದೇ ಪದಕ್ಕೆ ಜರ್ಮನ್ ಎಂಬ ಅರ್ಥವೂ ಇತ್ತು, ಧಣಿ ಎಂಬ ಅರ್ಥವೂ ಇತ್ತು. ಅಧಿಕಾರ ಯಾರ ಕೈಲಿತ್ತು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?

ಆದರೆ ಪದ ಒಳಗೆ ಬಂದ ಮೇಲೆ ನಡೆದದ್ದು ಎಸ್ಟೋನಿಯನ್ನರದ್ದೇ ಕಾನೂನು. ಅವರ ಹಳೆಯ ಪದಗಳು ‘ಬ’ದಿಂದ ಶುರುವಾಗಲ್ಲ, ಹಾಗಾಗಿ ‘ಬ’ ಹೋಗಿ ‘ಪ’ ಆಯ್ತು. ಕೊನೆಗೆ ಅವರದೇ ಬಹುವಚನದ ‘ದ್’ ಅಂಟಿಕೊಂಡಿತು. ಪ್ಯಾಂಟನ್ನು ಅವರು ‘ಕಾಲಿಗೆ’ ಹಾಕ್ತಾರೆ, ಅಂಗಿಯನ್ನು ‘ಬೆನ್ನಿಗೆ’, ಟೋಪಿಯನ್ನು ‘ತಲೆಗೆ’. ನಾವು ಸೀರೆ ಉಟ್ಟು, ಬಳೆ ತೊಟ್ಟು, ಹೂವು ಮುಡಿಯುವ ಹಾಗೆ ಅವರಲ್ಲೂ ಒಂದೊಂದಕ್ಕೆ ಒಂದೊಂದು ಮಾತು. ಹೊರಗಿನ ಪದವೂ ಈ ಲೆಕ್ಕಕ್ಕೆ ಬಗ್ಗಲೇಬೇಕಾಯ್ತು.

1918ರಲ್ಲಿ ಎಸ್ಟೋನಿಯಾ ಸ್ವತಂತ್ರ ದೇಶ ಅಂತ ಘೋಷಿಸಿಕೊಂಡಿತು. ಭಾಷಾ ಸುಧಾರಕ ಯೋಹಾನ್ನೆಸ್ ಆವಿಕ್ ಹೊಸ ಪದಗಳನ್ನೇ ಕಟ್ಟಿದರು. ಆಯುಧಕ್ಕೆ ಇವತ್ತು ಬಳಸುವ ‘ರೆಲ್ವ್’ ಅವರದ್ದು. ಪ್ಯುಕ್ಸಿದ್ ಮಾತ್ರ ಹಾಗೇ ಉಳಿಯಿತು. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಕೆಲಸ ನಡೆದದ್ದು 1919ರಲ್ಲಿ. ಅದುವರೆಗೆ ಜರ್ಮನ್, ಆಮೇಲೆ ರಷ್ಯನ್‌ನಲ್ಲಿ ಪಾಠ ಹೇಳುತ್ತಿದ್ದ ತಾರ್ತು ವಿಶ್ವವಿದ್ಯಾಲಯ ಎಸ್ಟೋನಿಯನ್ ಭಾಷೆಯ ವಿಶ್ವವಿದ್ಯಾಲಯವಾಯಿತು. ಇವತ್ತಿಗೂ ಆ ಭಾಷೆ ಆಡುವವರು ಸುಮಾರು 11 ಲಕ್ಷ ಜನ, ಅಷ್ಟೇ.

ಕೋಟಿಗಟ್ಟಲೆ ಜನ ಆಡುವ ಕನ್ನಡದಲ್ಲಿ ‘ಪ್ಯಾಂಟು’, ‘ಬಸ್ಸು’ ಕಂಡರೆ ಸಿಡುಕುವವರಿದ್ದಾರೆ. ಅವರಿಗೆ ನಾನು ಹೇಳೋದಿಷ್ಟು: ಆ ಪದಗಳು ಕೊನೆಗೊಂದು ‘ಉ’ ಸೇರಿಸಿಕೊಂಡು ಯಾವತ್ತೋ ನಮ್ಮವಾಗಿವೆ. ಹೈಕೋರ್ಟಿನ ವಾದ, ವೈದ್ಯಕೀಯ ಕಾಲೇಜಿನ ಪಾಠ ಇನ್ನೂ ನಮ್ಮದಾಗಿಲ್ಲ. ಸಿಡುಕೋದಾದರೆ ಅಲ್ಲಿ ಸಿಡುಕೋಣ.